ಕತ್ತರಿ ಹಾಕೋ ಹೊತ್ತು

ಕತ್ತರಿಸಿ ಮೇಜಿನ ಮೇಲೆ ಇಟ್ಟ ಮೇಲೆ ನೋಡಿದೆ. ಎರಡೂ ತೋಳು ಎಡಗೈಯವೇ.

ಬ್ಲೌಸ್ ಹೊಲಿಯುವವರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತದೆ. ತೋಳಿನ ಮುಂಭಾಗಕ್ಕೆ ಕಂಕುಳ ಹತ್ತಿರ ತಗ್ಗು ಸ್ವಲ್ಪ ಜಾಸ್ತಿ, ಹಿಂಭಾಗಕ್ಕೆ ಕಡಿಮೆ. ಬಟ್ಟೆಯನ್ನು ಮುಖಕ್ಕೆ ಮುಖ ಸೇರಿಸಿ ಮಡಚಿ ಕತ್ತರಿಸಿದರೆ ಒಂದು ಎಡ, ಒಂದು ಬಲ ಬರುತ್ತದೆ. ಎರಡು ತುಂಡನ್ನೂ ಮುಖ ಮೇಲೆ ಮಾಡಿ ಒಂದರ ಮೇಲೊಂದು ಇಟ್ಟರೆ ಎರಡೂ ಒಂದೇ ಕೈಗೆ ಬರುತ್ತವೆ. ಸಾದಾ ಕಾಟನ್ ಆಗಿದ್ದರೆ ಒಂದನ್ನು ತಿರುವಿ ಹೊಲಿಯಬಹುದಿತ್ತು. ಇದು ಜರಿ ಅಂಚಿನ ರೇಷ್ಮೆ. ಹಿಂಬದಿಯೆಲ್ಲ ಎಳೆ ಕಾಣುತ್ತದೆ. ಸೀರೆ ಜೊತೆ ಬಂದ ಪೀಸ್ ಬೇರೆ, ಅಂಚು ಇದ್ದದ್ದೇ ಎರಡು ತೋಳಿಗೆ ಸಾಕಾಗುವಷ್ಟು.

ಗೋಡೆ ಗಡಿಯಾರ ನೋಡಿದೆ. ಮೂರು ಗಂಟೆ ನಲವತ್ತು ನಿಮಿಷ. ದುಗ್ಗಮ್ಮನ ಜಾತ್ರೆಗೆ ಇನ್ನು ಒಂಬತ್ತು ದಿನ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು, ಎಲ್ಲರಿಗೂ ಹೊಸ ಬಟ್ಟೆ. ನನ್ನ ರೂಮಿನ ಹಗ್ಗಕ್ಕೆ ನೇತುಹಾಕಿದ್ದ ಕವರ್ ಎಣಿಸಿದರೆ 41 ಇದ್ದವು. ನಿಟುವಳ್ಳಿಯ ಮನೆಯ ಮುಂದಿನ ರೂಮಿನಲ್ಲೇ ನಾನು 17 ವರ್ಷದಿಂದ ಹೊಲಿಯುತ್ತಿದ್ದೇನೆ. ಇಂಥ ತಪ್ಪು ಕಲಿಯುವಾಗಲೂ ಮಾಡಿರಲಿಲ್ಲ.

ಆ ಪೀಸ್ ಹಿಂದಿನ ಬೀದಿಯ ಟೀಚರ್ ಅವರದು. ಮಾರನೇ ದಿನ ಚೌಕಿಪೇಟೆಯಲ್ಲಿ ಮೂರು ಅಂಗಡಿ ಸುತ್ತಿ ಅದೇ ಬಣ್ಣದ ಸಾದಾ ರೇಷ್ಮೆ ಹುಡುಕಿ ತಂದೆ. ಹಾಳಾದ ತೋಳುಗಳಿಂದ ಅಂಚನ್ನು ಮಾತ್ರ ತೆಗೆದು ಹೊಸ ತೋಳಿನ ಕೆಳಗೆ ಜೋಡಿಸಿದೆ. ಜೋಡಣೆ ಗೊತ್ತಾಗದ ಹಾಗೆ ಮೇಲೆ ಸಣ್ಣ ಪೈಪಿಂಗ್ ಕೊಟ್ಟೆ. ಕೊಡುವಾಗ ಎಲ್ಲ ಹೇಳಿದೆ, ಹೊಲಿಗೆ ದುಡ್ಡು ತಗೊಳ್ಳಲಿಲ್ಲ. ಟೀಚರ್ ಬೈಯಲಿಲ್ಲ. "ಯಾವ ಹೊತ್ತಲ್ಲಿ ಕಟ್ ಮಾಡಿದ್ದಮ್ಮ?" ಅಂತ ಕೇಳಿದರು. ಊಟ ಆದ ಮೇಲೆ ಅಂದೆ.

"ಆ ಹೊತ್ತಿಗೆ ನಾನು ಗಣಿತ ಇಟ್ಕೊಳ್ತಾನೇ ಇರಲಿಲ್ಲ. ಹುಡುಗರಿಗೆ ತಲೆಗೆ ಹೋಗಲ್ಲ, ನನಗೂ ಲೆಕ್ಕ ತಪ್ಪುತ್ತೆ. ಡ್ರಾಯಿಂಗು, ಕಾಪಿ ಬರೆಯೋದು, ಅಂಥದ್ದು ಮಾಡಿಸ್ತಿದ್ದೆ."

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಅಲ್ಲಿಯವರೆಗೆ ನಾನು ಹೊತ್ತು ಸಾಲದು, ಹೊತ್ತು ಸಾಲದು ಅಂತಲೇ ಅನ್ನುತ್ತಿದ್ದೆ. ದಿನಕ್ಕೆ ಇನ್ನೆರಡು ಗಂಟೆ ಇದ್ದಿದ್ದರೆ ಅಂತ. ಯಾವ ಗಂಟೆಯಲ್ಲಿ ನನ್ನ ಕೈ ಹೇಗಿರುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಜಾತ್ರೆ ಮುಗಿದು ಕೆಲಸ ಸ್ವಲ್ಪ ಕಡಿಮೆಯಾದ ಮೇಲೆ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯಲು ಶುರು ಮಾಡಿದೆ. ಗಂಟೆಗೊಂದು ಸಲ ಮೊಬೈಲ್ ಅಲಾರಂ. ಅದು ಹೊಡೆದಾಗ ಏನು ಮಾಡುತ್ತಿದ್ದೇನೆ ಅಂತ ಎರಡು ಪದ, ಪಕ್ಕದಲ್ಲಿ ಗೆರೆ. ಮೈ ಮನಸ್ಸು ಚುರುಕಾಗಿದ್ದರೆ ಮೂರು ಗೆರೆ, ಪರವಾಗಿಲ್ಲ ಅನ್ನಿಸಿದರೆ ಎರಡು, ಸಾಕಪ್ಪಾ ಅನ್ನಿಸಿದರೆ ಒಂದು. ಇಷ್ಟೇ. ಮೊದಲ ಮೂರು ದಿನ ಅಲಾರಂ ಆಫ್ ಮಾಡಿ ಬರೆಯುವುದನ್ನು ಮರೆತೆ. ನಾಲ್ಕನೇ ದಿನದಿಂದ ಪುಸ್ತಕವನ್ನು ಮಿಷನ್ ಪಕ್ಕದಲ್ಲೇ, ಕತ್ತರಿ ಇಡುವ ಜಾಗದಲ್ಲಿ ಇಟ್ಟೆ. ಆಮೇಲೆ ತಪ್ಪಲಿಲ್ಲ. 16 ದಿನ ಬರೆದೆ.

ಒಂದು ಮಂಗಳವಾರದ ಹಾಳೆ ಈಗಲೂ ನನ್ನ ಹತ್ತಿರ ಇದೆ. ಬೆಳಿಗ್ಗೆ 6, ರೊಟ್ಟಿ, ಮೂರು ಗೆರೆ. 7, ಡಬ್ಬಿ, ಮೂರು ಗೆರೆ. 8, ಫೋನು, ಎರಡು. 10, ಗಿರಾಕಿ, ಮೂರು. 11, ಗಿರಾಕಿ, ಮೂರು. 12, ಫಾಲ್ಸ್, ಮೂರು. 3, ಕಟಿಂಗ್, ಒಂದು. 4, ಕಟಿಂಗ್, ಒಂದು, ಮುಂದೆ 'ತಲೆನೋವು' ಅಂತ ಬರೆದು ಅಡಿಗೆರೆ ಎಳೆದಿದ್ದೇನೆ. 6, ತೋಳು ಜೋಡಿಸಿದ್ದು, ಎರಡು. ರಾತ್ರಿ 10, ಕೊರಳು ಪೈಪಿಂಗ್, ಒಂದು.

ಹಾಳೆ ತಿರುವಿ ನೋಡುತ್ತಾ ಹೋದಂತೆ ಹೊಟ್ಟೆಯಲ್ಲಿ ಸಂಕಟ ಆಯಿತು. ಮೂರು ಗೆರೆ ಇರುವ ಹೊತ್ತಲ್ಲೆಲ್ಲ ಕಣ್ಣು ಮುಚ್ಚಿ ಮಾಡಬಹುದಾದ ಕೆಲಸ. ಫಾಲ್ಸ್ ಹಚ್ಚುವುದು, ಬಾಗಿಲಲ್ಲಿ ನಿಂತು ಮಾತಾಡುವುದು. ಒಂದೇ ಗೆರೆ ಇರುವ ಹೊತ್ತಲ್ಲಿ ಕತ್ತರಿ! ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿಸಿದ್ದನ್ನು ಯಾರು ಕೂಡಿಸುತ್ತಾರೆ? ಅಂಥ ಕೆಲಸವನ್ನೇ ನಾನು ದಿನದ ಅತ್ಯಂತ ಸೋತ ಹೊತ್ತಿಗೆ ತಳ್ಳಿಕೊಂಡು ಬಂದಿದ್ದೆ. ಕಾರಣವೂ ಗೊತ್ತಾಯಿತು. ಬೆಳಿಗ್ಗೆಯೆಲ್ಲ ಜನ ಬರುತ್ತಾರೆ, ಮಧ್ಯಾಹ್ನ ಯಾರೂ ಬರಲ್ಲ, ಆರಾಮಾಗಿ ಕಟ್ ಮಾಡೋಣ ಅಂತ ಯಾವಾಗಲೋ ಅಂದುಕೊಂಡದ್ದು ಹಾಗೇ ಉಳಿದುಬಿಟ್ಟಿತ್ತು.

ಮಗಳು ತೋಳಹುಣಸೆಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ನನ್ನ ಗೆರೆಗಳನ್ನು ನೋಡಿ ಅವಳಿಗೆ ಖುಷಿಯೋ ಖುಷಿ. ಮಧ್ಯಾಹ್ನದ ಮಂಕು ಬರೀ ಊಟದಿಂದ ಬರುವುದಲ್ಲವಂತೆ. ಊಟ ಮಾಡದಿದ್ದರೂ ಆ ಹೊತ್ತಿಗೆ ಎಷ್ಟೋ ಜನರ ಚುರುಕು ಇಳಿಯುತ್ತದೆ. ಮೈಯೊಳಗೆ ಒಂದು ಗಡಿಯಾರ ಇದೆ, ಅದು ಸುಮಾರು 24 ಗಂಟೆಗೆ ಒಂದು ಸುತ್ತು ಹಾಕುತ್ತದೆ, ಬೆಳಕು ನೋಡಿ ಸರಿಮಾಡಿಕೊಳ್ಳುತ್ತದೆ. ಹಣ್ಣಿನ ಮೇಲೆ ಕೂರುವ ಸಣ್ಣ ನೊಣಗಳಲ್ಲಿ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು ಅಂದಳು. ಊಟ ಭಾರ ಆದರೆ ಮಂಕು ಇನ್ನೂ ಜಾಸ್ತಿ. ನನ್ನ ಮಟ್ಟಿಗೆ ಅದಕ್ಕೆ ಬಿಸಿಲೂ ಸೇರುತ್ತಿತ್ತು. ಮಿಷನ್ ಇದ್ದದ್ದು ಪಡುವಣ ಕಿಟಕಿ ಹತ್ತಿರ. ಮಾರ್ಚ್ ಬಂದರೆ ಎರಡು ಗಂಟೆಯಿಂದ ಬಿಸಿಲು ಸೀದಾ ಮುಖಕ್ಕೆ. ಅವತ್ತೇ ಸಂಜೆ ಅಪ್ಪ ಮಗಳು ಸೇರಿ ಮಿಷನ್ ಎತ್ತಿ ಮೂಡಣ ಕಿಟಕಿ ಪಕ್ಕಕ್ಕೆ ಇಟ್ಟುಕೊಟ್ಟರು. ಇಷ್ಟು ವರ್ಷ ಯಾಕೆ ಮಾಡಲಿಲ್ಲವೋ.

ಮೊದಲು ನಾನು ಒಂದು ಚಾರ್ಟ್ ಮಾಡಿದೆ. ಐದರಿಂದ ಆರು ಇದು, ಆರರಿಂದ ಏಳು ಅದು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಅಂತಲೂ ಬರೆದೆ. ನಾಲ್ಕು ದಿನ ನಡೆಯಿತು. ಐದನೇ ದಿನ ಬೆಳಿಗ್ಗೆ ನಲ್ಲಿ ನೀರು ಬಂತು. ನಮ್ಮ ಕಡೆ ದಿನಾ ಬರಲ್ಲ, ಬಂದಾಗ ತೊಟ್ಟಿ, ಡ್ರಮ್ಮು, ಕೊಡ ಎಲ್ಲ ತುಂಬಬೇಕು. ಚಾರ್ಟ್ ಅಲ್ಲಿಗೆ ಮುಗಿಯಿತು. ನಾಲ್ಕೂವರೆಗೆ ಎದ್ದದ್ದಕ್ಕೆ ಹತ್ತು ಗಂಟೆಗೇ ಒಂದೇ ಗೆರೆಗೆ ಇಳಿದಿದ್ದೆ, ಅದು ಬೇರೆ. ಆಮೇಲೆ ಗಂಟೆಗಳನ್ನು ಹಿಡಿದುಕೊಳ್ಳುವುದು ಬಿಟ್ಟೆ. ಒಂದೇ ಒಂದು ನಿಯಮ ಇಟ್ಟುಕೊಂಡೆ. ಬಿಚ್ಚಲಾಗದ ಕೆಲಸ ಮೂರು ಗೆರೆಯ ಹೊತ್ತಿಗೆ, ಬಿಚ್ಚಬಹುದಾದದ್ದು ಉಳಿದ ಹೊತ್ತಿಗೆ.

ಗೇಟಿಗೆ ಒಂದು ರಟ್ಟು ಕಟ್ಟಿದೆ. "ಬಟ್ಟೆ ಕೊಡುವುದು, ತೆಗೆದುಕೊಳ್ಳುವುದು: 12ರಿಂದ 1:30, ಸಂಜೆ 5:30ರಿಂದ 7." ಹತ್ತರಿಂದ ಹನ್ನೆರಡು ಕತ್ತರಿಗೆ ಮೀಸಲು. ಇದು ಸುಲಭವಾಗಿ ಆಗಲಿಲ್ಲ. ಬೆಳಿಗ್ಗೆ ಹಾಲು ತರಲು ಬಂದವರು ಹಾಗೇ ಬಂದು ಅಳತೆ ಕೊಟ್ಟು ಹೋಗುವುದು ರೂಢಿ. ಬಾಗಿಲು ತೆರೆದಿದ್ದೂ "ಹನ್ನೆರಡಕ್ಕೆ ಬರ್ರಿ" ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ಇಬ್ಬರು ಖಾಯಂ ಗಿರಾಕಿ ಬೇಜಾರಾಗಿ ಬೇರೆ ಕಡೆ ಹೋದರು. ಆ ತಿಂಗಳು ಕೈಗೆ ಬಂದ ದುಡ್ಡು ಕಡಿಮೆಯಾಯಿತು, ನನಗೆ ಭಯವೂ ಆಯಿತು. ಮನೆಯವರು ಎಪಿಎಂಸಿಯಲ್ಲಿ ದಲ್ಲಾಳಿ ಮಂಡಿಯ ಗುಮಾಸ್ತರು. ಅವರೇ ಧೈರ್ಯ ಹೇಳಿದರು. "ಮೆಕ್ಕೆಜೋಳದ ಸೀಜನ್‌ನಾಗೆ ತೂಕದ ಹೊತ್ತಲ್ಲಿ ಯಾರ ಕೂಡಾನೂ ಮಾತಾಡಲ್ಲ ನಾವು. ಮಾತಾಡಿದ್ರೆ ಚೀಲದ ಲೆಕ್ಕ ತಪ್ತೈತೆ. ನಿಂದೂ ಹಂಗೇ ಅನ್ಕೋ" ಅಂದರು.

ಈಗ ಕಟ್ ಮಾಡುವ ಮುಂಚೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬಟ್ಟೆ ಹರಡಿ, ಅಂಗೈಯಿಂದ ಸವರಿ ಸುಕ್ಕು ತೆಗೆಯುತ್ತೇನೆ. ಕೈ ಹಾಗೇ ಬಟ್ಟೆ ಮೇಲೆ ಇಟ್ಟು ಮೂರು ಸಲ ನಿಧಾನವಾಗಿ ಉಸಿರು ಬಿಡುತ್ತೇನೆ. ರೇಷ್ಮೆ ಮೊದಲು ತಣ್ಣಗಿರುತ್ತದೆ, ಮೂರನೇ ಉಸಿರಿಗೆ ಅಂಗೈ ಕೆಳಗೆ ಬೆಚ್ಚಗಾಗಿರುತ್ತದೆ. ಆಮೇಲೆ ಬಾಯಿಬಿಟ್ಟು "ಇದು ಎಡ, ಇದು ಬಲ" ಅಂತ ಹೇಳಿ ಚಾಕ್‌ನಲ್ಲಿ ಗುರುತು ಹಾಕುತ್ತೇನೆ. ಇದಕ್ಕೆ ಒಂದು ನಿಮಿಷವೂ ಬೇಡ. ಮನಸ್ಸು ಬೇರೆಲ್ಲೋ ಇದ್ದರೆ ಆ ಮೂರು ಉಸಿರಲ್ಲಿ ಗೊತ್ತಾಗಿಬಿಡುತ್ತದೆ. ಹಾಗೆ ಗೊತ್ತಾದ ದಿನ ಬಟ್ಟೆಯನ್ನು ಮಡಚಿ ವಾಪಸ್ ಇಡುತ್ತೇನೆ. ವರ್ಷದಲ್ಲಿ ಐದಾರು ಸಲ ಹಾಗೆ ಇಟ್ಟಿದ್ದೇನೆ. ಅತ್ತೆಗೆ ಹುಷಾರಿಲ್ಲದ ವಾರವಂತೂ ಪೂರ್ತಿ ಕತ್ತರಿ ಮುಟ್ಟಲಿಲ್ಲ, ಕೈಹೊಲಿಗೆ ಮಾತ್ರ ಮಾಡಿದೆ.

ಮಧ್ಯಾಹ್ನ ಊಟ ಕಡಿಮೆ ಮಾಡಿದೆ. ಮುದ್ದೆಯೋ ರೊಟ್ಟಿಯೋ ಒಂದೇ, ಅದರ ಮೇಲೆ ಅನ್ನ ಬಡಿಸಿಕೊಳ್ಳಲ್ಲ. ಚಾಪೆ ಹಾಕಿ 20 ನಿಮಿಷ ಮಲಗುತ್ತೇನೆ, ಅಲಾರಂ ಇಟ್ಟು. ಮೊದಮೊದಲು ಅಲಾರಂ ಇಡದೆ ಒಂದು ಗಂಟೆ ಮಲಗಿ ಎದ್ದರೆ ತಲೆ ಇನ್ನೂ ಭಾರ. ನಿದ್ದೆ ಆಳಕ್ಕೆ ಇಳಿದ ಮೇಲೆ ಎಬ್ಬಿಸಿದರೆ ಹಾಗಾಗುತ್ತದಂತೆ. ಎದ್ದು ಮುಖ ತೊಳೆದು ಹಿತ್ತಲ ಮೆಟ್ಟಿಲ ಮೇಲೆ ಹೆಮ್ಮಿಂಗ್, ಹುಕ್ಸ್, ದಾರ ಕತ್ತರಿಸುವುದು, ಬಾಬಿನ್ (ಮಿಷನ್ ಅಡಿಯ ದಾರದ ಸಣ್ಣ ಉರುಳೆ) ಸುತ್ತುವುದು. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೂತಿರುತ್ತಾರೆ. ಮೊದಲು ಬೈದುಕೊಂಡು ಕಳೆಯುತ್ತಿದ್ದ ಆ ಒಂದೂವರೆ ಗಂಟೆ ಈಗ ನನಗೆ ಎಲ್ಲಕ್ಕಿಂತ ಇಷ್ಟದ ಹೊತ್ತು.

ಚಹಾದ ವಿಷಯ ಬೇರೆಯೇ ದೊಡ್ಡದು. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದೆ, ಕೊನೆಯದು ರಾತ್ರಿ ಎಂಟಕ್ಕೆ, ಮನೆಯವರು ಬಂದಾಗ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ಒಂದು ವಸ್ತು ಕೂಡುತ್ತಾ ಹೋಗುತ್ತದೆ, ಅದೇ ನಿದ್ದೆ ತರಿಸುವುದು. ಚಹಾ ಕಾಫಿಯ ಕೆಫೀನ್ ಅದು ಕೂರುವ ಜಾಗದಲ್ಲಿ ಹೋಗಿ ತಾನು ಕೂರುತ್ತದೆ. ಆಯಾಸ ಹೋಗಿರಲ್ಲ, ಗೊತ್ತಾಗಲ್ಲ ಅಷ್ಟೇ. ಕುಡಿದು ಸುಮಾರು ಐದು ಗಂಟೆ ಆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ ಅಂತ ಮಗಳು ಹೇಳಿದಾಗ ಲೆಕ್ಕ ಹಾಕಿದೆ. ಎಂಟಕ್ಕೆ ಕುಡಿದದ್ದು ರಾತ್ರಿ ಒಂದು ಗಂಟೆಗೂ ಅರ್ಧ ಉಳಿದಿದೆ! ಸುಮ್ನೆ ಹೊರಳಾಡುತ್ತಾ ವಯಸ್ಸಾಯ್ತು ಅಂದುಕೊಳ್ಳುತ್ತಿದ್ದೆ. ಮೂರು ಲೋಟಕ್ಕೆ ಇಳಿಸಿ, ಕೊನೆಯದನ್ನು ಮೂರೂವರೆಗೆ ತಂದೆ. ನಾಲ್ಕು ದಿನ ತಲೆ ಸಿಡಿಯಿತು. ಎರಡನೇ ವಾರದಿಂದ ನಿದ್ದೆ ಬಂತು.

ಕೂತ ಕೆಲಸಕ್ಕೆ ಮಧ್ಯೆ ಮಧ್ಯೆ ಏಳಬೇಕು ಅಂತ ಮಗಳು ಫೋನಿನಲ್ಲಿ 25 ನಿಮಿಷದ ಗಂಟೆ ಇಟ್ಟುಕೊಟ್ಟಳು. ಪೊಮೊಡೊರೊ ಅಂತೆ. ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಅನ್ನುವವರು 1980ರ ದಶಕದ ಕೊನೆಗೆ, ಓದುವಾಗ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರು ಮಾಡಿದ್ದು. ಓದುವವರಿಗೆ ಅದು ಚೆನ್ನ. ನನಗೆ ಆಗಲಿಲ್ಲ. ತೋಳು ಅರ್ಧ ಜೋಡಿಸಿದಾಗ ಗಂಟೆ ಹೊಡೆದರೆ ಎದ್ದು ಹೋಗೋಕಾಗುತ್ತಾ? ನೆರಿಗೆ ಕೈ ಬಿಟ್ಟರೆ ಜಾರುತ್ತದೆ.

ಒಂದು ದಿನ ಬಾಬಿನ್ ದಾರ ಮುಗಿಯಿತು, ಮಿಷನ್ ತಾನೇ ನಿಂತಂತಾಯಿತು. ಆಗ ಹೊಳೆಯಿತು. ಅವತ್ತಿನಿಂದ ಬಾಬಿನ್ನೇ ನನ್ನ ಗಡಿಯಾರ. ಮೊದಲು ಸುತ್ತಿದ ಬಾಬಿನ್ ಐದಾರು ಪಕ್ಕದಲ್ಲೇ ಇಟ್ಟುಕೊಂಡು ಖಾಲಿಯಾದದ್ದನ್ನು ತೆಗೆದು ತುಂಬಿದ್ದನ್ನು ಹಾಕಿ ಮುಂದುವರಿಸುತ್ತಿದ್ದೆ, ಒಂದು ನಿಮಿಷ ಉಳಿಸಿದೆ ಅಂತ. ಈಗ ಅವನ್ನು ಆಚೆ ಕಪಾಟಿನಲ್ಲಿ ಇಟ್ಟಿದ್ದೇನೆ. ತರಲು ಏಳಲೇಬೇಕು. ಎದ್ದವಳು ಒಂದು ಲೋಟ ನೀರು ಕುಡಿದು, ಬಾಗಿಲಿಗೆ ಹೋಗಿ ಎದುರುಮನೆ ಹೊಂಗೆ ಮರವನ್ನು ನೋಡಿ ಬರುತ್ತೇನೆ. ದೂರದ್ದು ನೋಡಿದರೆ ಕಣ್ಣಿಗೆ ಹಾಯೆನಿಸುತ್ತದೆ. ಒಂದು ಬಾಬಿನ್ ನನಗೆ ಹೆಚ್ಚುಕಡಿಮೆ ಒಂದು ಗಂಟೆ ಬರುತ್ತದೆ. ಸೊಂಟನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಮುಲಾಮು ಹಚ್ಚುವುದು ನಿಂತಿದೆ.

ಫೋನನ್ನು ಕತ್ತರಿ ಹೊತ್ತಲ್ಲಿ ಅಡುಗೆಮನೆಯಲ್ಲಿ ಬಿಡುತ್ತೇನೆ. "ಅಕ್ಕಾ ಆಯ್ತಾ?" ಅಂತ ಒಂದು ಮೆಸೇಜು, ಒಂದು ಡಿಸೈನ್ ಫೋಟೊ. ನೋಡಲು ಹತ್ತು ಸೆಕೆಂಡು ಸಾಕು. ವಾಪಸ್ ಬಂದರೆ ಅರ್ಧ ಮನಸ್ಸು ಇನ್ನೂ ಆ ಫೋಟೊದಲ್ಲೇ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಮೊದಲನೆಯದರ ಅಂಟು ಸ್ವಲ್ಪ ಹೊತ್ತು ಉಳಿಯುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲೇ ಬರೆದಿದ್ದಾರೆ ಅಂತ ಮಗಳು ತೋರಿಸಿದಳು. ನನಗೆ ಅದು ನನ್ನ ಪುಸ್ತಕದಲ್ಲೇ ಕಂಡಿತ್ತು. ಫೋನ್ ಹಿಡಿದ ಗಂಟೆಯ ಮುಂದಿನ ಗಂಟೆಗೆ ಒಂದು ಗೆರೆ ಕಡಿಮೆ ಇರುತ್ತಿತ್ತು.

ಇನ್ನೊಂದು ವಿಷಯ ಪುಸ್ತಕದಿಂದ ಗೊತ್ತಾದದ್ದಲ್ಲ, ಅತ್ತೆ ಹೇಳಿದ್ದು. ನಾನು ಒಪ್ಪಿಕೊಂಡು ಒದ್ದಾಡುವ ಅರ್ಜೆಂಟ್ ಕೆಲಸಗಳೆಲ್ಲ ರಾತ್ರಿ ಒಂಬತ್ತರ ಮೇಲೆ ಫೋನಿನಲ್ಲಿ ಒಪ್ಪಿಕೊಂಡವು. ಸುಸ್ತಾದಾಗ ಇಲ್ಲ ಅನ್ನಲು ಶಕ್ತಿ ಇರಲ್ಲ. ಆಯ್ತು ಕೊಡ್ತೀನಿ ಅಂದುಬಿಟ್ಟರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ, ಮೂರು ದಿನದ ನಿದ್ದೆ ಹೋಗುತ್ತದೆ. ಮಾವ ಕಾಟನ್ ಮಿಲ್ಲಿನಲ್ಲಿದ್ದವರು. ಊರಿನ ತುಂಬ ಮಿಲ್ಲುಗಳಿದ್ದು ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಅತ್ತೆಗೆ ಈಗಲೂ ಮಿಲ್ಲಿನ ಕೂಗು ಕಿವಿಯಲ್ಲಿದೆ. ಒಂದು ರಾತ್ರಿ ನಾನು ಫೋನ್ ಇಟ್ಟು ತಲೆ ಮೇಲೆ ಕೈ ಹೊತ್ತು ಕೂತಾಗ ಹೇಳಿದರು:

"ನಿಮ್ ಮಾವಾರು ರಾತ್ರಿ ಪಾಳಿ ಮುಗ್ಸಿ ಬಂದ ದಿನ ಯಾರಿಗೂ ಹೂಂ ಅಂತಿರಲಿಲ್ಲ, ಉಹೂಂ ಅಂತಾನೂ ಅಂತಿರಲಿಲ್ಲ. ಮಲಗಿ ಎದ್ದು ಹೇಳ್ತೀನಿ ಹೋಗಪ್ಪ ಅಂತ ಕಳಿಸ್ತಿದ್ರು. ಸಾಲ ಕೇಳಾಕೆ ಬಂದೋರ್ಗೂ ಅಷ್ಟೇ, ಹೆಣ್ಣು ಕೇಳಾಕೆ ಬಂದೋರ್ಗೂ ಅಷ್ಟೇ."

ಈಗ ರಾತ್ರಿ ಯಾರೇ ಕೇಳಲಿ, "ಬೆಳಿಗ್ಗೆ ಪುಸ್ತಕ ನೋಡಿ ಹೇಳ್ತೀನ್ರಿ" ಅನ್ನುತ್ತೇನೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಅರ್ಜೆಂಟ್ ಅಷ್ಟು ಅರ್ಜೆಂಟ್ ಆಗಿರಲ್ಲ.

ಎಲ್ಲ ದಿನವೂ ಹೀಗೇ ನಡೆಯುತ್ತದೆ ಅಂತಲ್ಲ. ನೀರು ಬರುವ ದಿನ, ಕರೆಂಟ್ ಹೋದ ದಿನ ಎಲ್ಲ ಹಿಂದುಮುಂದಾಗುತ್ತದೆ. ದೀಪಾವಳಿ ಹಿಂದಿನ ವಾರ ಎರಡು ರಾತ್ರಿ ಹನ್ನೆರಡರವರೆಗೆ ಹೊಲಿದೆ. ಆದರೆ ಬರೀ ಹೊಲಿದೆ, ಕಟ್ ಮಾಡಿದ್ದೆಲ್ಲ ಹಗಲಲ್ಲೇ. ಕುಂದವಾಡ ಕೆರೆಗೆ ವಾಕಿಂಗ್ ಹೋಗಬೇಕು ಅಂತ ಬಹಳ ಆಸೆ ಇತ್ತು, ನಮ್ಮ ಮನೆಯಿಂದ ದೂರ, ಭಾನುವಾರ ಮಾತ್ರ ಆಗುತ್ತದೆ. ಬೇರೆ ದಿನ ಬೆಳಿಗ್ಗೆ ತಾರಸಿ ಮೇಲೆ ಕಾಲು ಗಂಟೆ ನಿಂತು ಬಿಸಿಲು ಬರುವುದನ್ನು ನೋಡಿ ಕೆಳಗಿಳಿದು ರೊಟ್ಟಿ ಹಂಚು ಇಡುತ್ತೇನೆ.

ಈ ಸಲದ ಜಾತ್ರೆಗೆ ಹದಿನೈದು ದಿನ ಇದ್ದಾಗ, ಒಂದು ಮಧ್ಯಾಹ್ನ, ಹಿತ್ತಲ ಮೆಟ್ಟಿಲ ಮೇಲೆ ಹುಕ್ಸ್ ಹಾಕುತ್ತಿದ್ದೆ. ಟೀಚರ್ ಪಕ್ಕದ ಓಣಿಯಿಂದಲೇ ಬಂದರು, ಕೈಯಲ್ಲಿ ಕವರ್. ಗೇಟಿನ ರಟ್ಟು ನೋಡಿದ್ದರೋ ಇಲ್ಲವೋ, ನಾನೂ ಕೇಳಲಿಲ್ಲ. ಅತ್ತೆ ಸರಿದು ಜಾಗ ಮಾಡಿದರು.

"ಈಗ ಕತ್ತರಿ ಮುಟ್ಟಲ್ಲ ಅಲ್ವಾ?" ಅಂದರು.

"ಇಲ್ಲ ಟೀಚರ್. ನಾಳೆ ಹತ್ತಕ್ಕೆ."

ಕವರಿನಿಂದ ಹೊಸ ರೇಷ್ಮೆ ಪೀಸ್ ತೆಗೆದು ನನ್ನ ತೊಡೆ ಮೇಲೆ ಇಟ್ಟರು. ಅಳತೆಗೆ ಅಂತ ಇನ್ನೊಂದು ಬ್ಲೌಸ್ ತೆಗೆದರು. ಅಂಚು ಜೋಡಿಸಿ ಪೈಪಿಂಗ್ ಕೊಟ್ಟಿದ್ದೆನಲ್ಲ, ಅದೇ. ಒಗೆದು ಒಗೆದು ಬಣ್ಣ ಸ್ವಲ್ಪ ಮಾಸಿತ್ತು.

"ಇದೇ ಅಳತೆ ಇರಲಿ. ತೋಳು ಇದರಲ್ಲೇ ಚೆನ್ನಾಗಿ ಕೂತೈತೆ" ಅಂದರು.